ಪದಚರ್ಚೆ: ಪಿಸ್ಟನ್ನು, ಕನೆಕ್ಟಿಂಗ್ ರಾಡನ್ನು ‘ಹೊಂದಿಸುವುದು’ ಅಂದರೆ ಯಾವ ಕೆಲಸ?

ಬಳಗದ ಎಲ್ಲರಿಗೂ ನಮಸ್ಕಾರ.

ಹಳೇ ಕಾರಿನ ಇಂಜಿನ್ ಇಳಿಸಿ, ಬಿಚ್ಚಿ, ಮತ್ತೆ ಕಟ್ಟುವ ಕೆಲಸದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ, ಐಟಿಐ ಓದುತ್ತಿರುವವರಿಗೆ ಅಂತ. ಪಿಸ್ಟನ್ (ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಭಾಗ) ಮತ್ತು ಕನೆಕ್ಟಿಂಗ್ ರಾಡಿನ (ಅದನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಸೇರಿಸುವ ರಾಡು) ಅಧ್ಯಾಯದಲ್ಲಿ ಒಂದು ಪದದ ತೊಡಕು ಎದುರಾಗಿದೆ. ಪದ ತಪ್ಪಿದರೆ ಓದಿದ ಹುಡುಗ ಬೇರೆಯದೇ ಕೆಲಸ ಮಾಡಿಬಿಡುತ್ತಾನೆ, ಇಂಜಿನ್ ಹಾಳಾಗುತ್ತದೆ. ಹಾಗಾಗಿ ನಿಮ್ಮೆಲ್ಲರ ಸಲಹೆ ಬೇಕು.

ಇಂಗ್ಲಿಷ್ ಕೈಪಿಡಿಗಳಲ್ಲಿ ‘ಮ್ಯಾಚ್’ ಎಂಬ ಒಂದೇ ಪದ ಎಲ್ಲ ಕಡೆ ಬರುತ್ತದೆ. ಪಿಸ್ಟನ್ನನ್ನು ಬೋರಿಗೆ, ಅಂದರೆ ಸಿಲಿಂಡರಿನ ಒಳತೂತಿಗೆ, ಮ್ಯಾಚ್ ಮಾಡಿ. ರಾಡುಗಳ ತೂಕ ಮ್ಯಾಚ್ ಮಾಡಿ. ರಾಡು ಮತ್ತು ಅದರ ದೊಡ್ಡ ತುದಿಯನ್ನು ಮುಚ್ಚುವ ಕ್ಯಾಪು ಮ್ಯಾಚ್ ಆದ ಜೋಡಿ, ಬೇರೆ ಮಾಡಬೇಡಿ. ಕನ್ನಡದಲ್ಲಿ ಬರೆಯುವಾಗ ಮೂರಕ್ಕೂ ‘ಹೊಂದಿಸಿ’ ಎಂದು ಹಾಕಿ ಮುಂದೆ ಹೋಗುವುದು ಸುಲಭ. ನನ್ನ ತಕರಾರು ಇರುವುದು ಅಲ್ಲೇ. ಇವು ಮೂರೂ ಬೇರೆ ಬೇರೆ ಕೆಲಸ. ಒಂದರಲ್ಲಿ ಬೋರನ್ನು ಕೊರೆಯಬೇಕು. ಇನ್ನೊಂದರಲ್ಲಿ ಲೋಹ ಉಜ್ಜಿ ತೆಗೆಯಬೇಕು. ಮತ್ತೊಂದರಲ್ಲಿ ಏನನ್ನೂ ಉಜ್ಜಬಾರದು, ಇದ್ದದ್ದನ್ನು ಇದ್ದ ಹಾಗೆ ಇದ್ದಲ್ಲಿಗೇ ಕೂರಿಸಬೇಕು.

‘ಹೊಂದಿಸು’ ಪದಕ್ಕೆ ನಮ್ಮ ಮಾತಿನಲ್ಲಿ ಒಂದು ಗುಣ ಇದೆ. ದುಡ್ಡು ಹೊಂದಿಸುತ್ತೇವೆ. ಸಮಯ ಹೊಂದಿಸಿಕೊಳ್ಳುತ್ತೇವೆ. ಸೊಸೆ ಅತ್ತೆಯ ಜೊತೆ ಹೊಂದಿಕೊಂಡು ಹೋದಳು ಅನ್ನುತ್ತೇವೆ. ಎಲ್ಲದರಲ್ಲೂ ಸ್ವಲ್ಪ ಆಚೀಚೆ ಮಾಡಿ, ತಿದ್ದಿ, ಸರಿಮಾಡಿಕೊಳ್ಳುವ ಅರ್ಥ ಇದೆ. ಹುಡುಗನಿಗೆ ‘ಕ್ಯಾಪನ್ನು ರಾಡಿಗೆ ಹೊಂದಿಸು’ ಎಂದರೆ ಅವನು ಅರ (ಲೋಹ ಉಜ್ಜುವ ಫೈಲು) ಕೈಗೆ ತೆಗೆದುಕೊಂಡರೆ ತಪ್ಪು ಅವನದಲ್ಲ, ಪದದ್ದು. ಬಹಳ ಹಿಂದೆ ಇದು ನಿಜವಾಗಿ ನಡೆಯುತ್ತಿದ್ದ ಕೆಲಸವೂ ಹೌದು. ಆಗ ಬೇರಿಂಗಿನ ಬಿಳಿಲೋಹ ಎಂಬ ಮೆದು ಮಿಶ್ರಲೋಹವನ್ನು ರಾಡಿಗೇ ಎರಕ ಹೊಯ್ಯುತ್ತಿದ್ದರು. ಅದು ಸವೆದು ಸಡಿಲವಾದರೆ ಕ್ಯಾಪಿನ ಕೆಳಗಿನ ತೆಳು ತಗಡು ತೆಗೆದೋ, ಕ್ಯಾಪಿಗೆ ಅರ ಹಾಕಿಯೋ ಬಿಗಿ ಮಾಡುತ್ತಿದ್ದರು. ಬೇರಿಂಗ್ ಶೆಲ್ (ಬೇರೆಯಾಗಿ ಮಾಡಿ ಕೂರಿಸುವ ತೆಳು ಅರೆಬಳೆ) ಬಂದ ಮೇಲೆ ಆ ಕಾಲ ಮುಗಿಯಿತು. ಈಗ ಕ್ಯಾಪಿಗೆ ಅರ ಹಾಕಿದರೆ ಆ ರಾಡು ಕೆಟ್ಟಿತು ಎಂದೇ ಲೆಕ್ಕ.

ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಅಂಬಾಸಡರ್ ಕಾರಿನ 1489 ಸಿಸಿ ಪೆಟ್ರೋಲ್ ಇಂಜಿನ್. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ತಯಾರಾದ ಕಾರು ಅದು. ಈ ಇಂಜಿನ್ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಸಾಲಿನದು. ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇದೇ 1489 ಸಿಸಿ ಇತ್ತು. ಬೋರ್ 73.025 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9 ಮಿ.ಮೀ. ನಾಲ್ಕು ಸಿಲಿಂಡರ್. ನಮ್ಮ ಕಡೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಸರ್ಕಾರಿ ಕಚೇರಿಯ ಮುಂದೆ ಎಷ್ಟು ವರ್ಷ ಓಡಿದ ಇಂಜಿನ್ ಅಲ್ವಾ ಇದು! ಕನ್ನಡ ಮಾತಾಡುವ ಮೆಕ್ಯಾನಿಕ್‌ಗಳ ಕೈ ಇದರ ಮೇಲೆ ಚೆನ್ನಾಗಿ ಪಳಗಿದೆ. ಇದರ ಸುತ್ತ ಹುಟ್ಟಿದ ಮಾತುಗಳೂ ಬೇಕಾದಷ್ಟಿವೆ.

ಮೊದಲು ಪಿಸ್ಟನ್ ಮತ್ತು ಬೋರ್. ಇದು ಅಳತೆಯ ವಿಷಯ. ಸಿಲಿಂಡರ್ ಸವೆದು ಮೊಟ್ಟೆಯಾಕಾರ ಆಗಿರುತ್ತದೆ. ಬೋರಿಂಗ್ ಅಂಗಡಿಯಲ್ಲಿ ಕೊರೆಸಿ ಮತ್ತೆ ದುಂಡಗೆ ಮಾಡಿಸಬೇಕು. ಆಗ ಬೋರ್ ದೊಡ್ಡದಾಗುತ್ತದೆ, ಪಿಸ್ಟನ್ನೂ ದೊಡ್ಡದು ಬೇಕು. ಈ ಇಂಜಿನ್ನಿಗೆ ಅಂಗುಲದ ಲೆಕ್ಕದಲ್ಲಿ 10, 20, 30, 40 ತೌ ಓವರ್‌ಸೈಜ್ ಪಿಸ್ಟನ್ ಬರುತ್ತವೆ. ತೌ ಅಂದರೆ ಅಂಗುಲದ ಸಾವಿರದ ಒಂದು ಪಾಲು. ‘ಇಪ್ಪತ್ತಕ್ಕೆ ಬೋರ್ ಮಾಡ್ಸಿದೀವಿ’ ಅಂದರೆ ಅರ್ಧ ಮಿ.ಮೀ.ಗಿಂತ ಕೂದಲೆಳೆಯಷ್ಟು ಜಾಸ್ತಿ. ತಿಳಿದವರು ಪಿಸ್ಟನ್ ಸೆಟ್ ಮೊದಲು ತಂದು, ಅದನ್ನು ಅಳೆದು, ಆಮೇಲೆ ಬೋರ್ ಕೊರೆಯುತ್ತಾರೆ. ಪಿಸ್ಟನ್ನೂ ಪೂರ್ತಿ ದುಂಡಗಿರುವುದಿಲ್ಲ. ಗಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನು) ಇರುವ ದಿಕ್ಕಿನಲ್ಲಿ ಕಿರಿದು, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಅಗಲ. ಅಳೆಯಬೇಕಾದದ್ದು ಆ ಅಗಲದ ಕಡೆ, ಸ್ಕರ್ಟಿನಲ್ಲಿ, ಅಂದರೆ ಪಿಸ್ಟನ್ನಿನ ಕೆಳಭಾಗದ ಗೋಡೆಯಲ್ಲಿ. ಬಿಸಿಯಾದಾಗ ಅಲ್ಯುಮಿನಿಯಂ ಬೀಡುಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಅದಕ್ಕೇ ತಣ್ಣಗಿರುವಾಗ ಎಡೆ ಬಿಟ್ಟಿರಬೇಕು.

ಇದಕ್ಕೆ ಗ್ಯಾರೇಜಿನ ಮಾತು ಆಗಲೇ ಇದೆ: ‘ಕೂರುವುದು’. ಪಿಸ್ಟನ್ ಬೋರಿಗೆ ಸರಿಯಾಗಿ ಕೂತಿದೆ, ಬಿಗಿ ಕೂತಿದೆ, ಕೂರ್ತಾ ಇಲ್ಲ. ಬೇರಿಂಗಿಗೂ ಇದೇ ಮಾತು. ‘ಅಳತೆಗೆ ಕೂರಿಸು’ ಎಂದು ಬರೆದರೆ ಹುಡುಗನಿಗೆ ಅನುಮಾನವೇ ಬರುವುದಿಲ್ಲ. ನಡುವಿನ ಜಾಗಕ್ಕೆ ‘ಎಡೆ’ ಎಂದಿದ್ದೇನೆ. ಗ್ಯಾರೇಜಿನಲ್ಲಿ ‘ಗ್ಯಾಪು’ ಅನ್ನುವುದೇ ಜಾಸ್ತಿ. ಆದರೆ ಪಿಸ್ಟನ್ನಿನ ಸುತ್ತ ಕೂರುವ ರಿಂಗಿನ ಬಾಯಿಗೂ ‘ಗ್ಯಾಪು’ ಅನ್ನುತ್ತಾರೆ. ಅದಕ್ಕಾಗಿ ಎರಡನ್ನೂ ಬೇರೆ ಇಡುವುದು ಒಳ್ಳೆಯದು ಅನ್ನಿಸಿತು.

ಎರಡನೆಯದು ತೂಕ. ಈ ಕೆಲಸದ ಬಗ್ಗೆ ನಮ್ಮಲ್ಲಿ ತೀರಾ ಕಡಿಮೆ ಬರೆದಿದ್ದಾರೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾಲ್ಕು ಸಿಲಿಂಡರ್ ಇಂಜಿನ್ನಿನಲ್ಲಿ 1 ಮತ್ತು 4ನೇ ಪಿಸ್ಟನ್ ಒಟ್ಟಿಗೆ ಮೇಲೆ ಹೋಗುತ್ತವೆ, ಆಗ 2 ಮತ್ತು 3 ಕೆಳಗೆ ಬರುತ್ತವೆ. ಈ ಜೋಡಿಯ ಎಳೆತವನ್ನು ಆ ಜೋಡಿಯ ಎಳೆತ ಬಹುಪಾಲು ಅಳಿಸಿಹಾಕುತ್ತದೆ. ಆದರೆ ನಾಲ್ಕರ ತೂಕವೂ ಒಂದೇ ಇದ್ದರೆ ಮಾತ್ರ. ಒಂದು ಪಿಸ್ಟನ್ 10 ಗ್ರಾಂ ಜಾಸ್ತಿ ಇದೆ ಅಂದುಕೊಳ್ಳಿ. ಕೈಯಲ್ಲಿ ಹಿಡಿದರೆ ಗೊತ್ತೂ ಆಗುವುದಿಲ್ಲ. ಇದೇ ಅಂಬಾಸಡರ್ ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ, ಪಿಸ್ಟನ್ ಮೇಲ್ತುದಿ ಮುಟ್ಟಿ ಹಿಂದಿರುಗುವ ಗಳಿಗೆಯಲ್ಲಿ ಆ 10 ಗ್ರಾಂ ಸುಮಾರು 10 ಕೆ.ಜಿ. ಭಾರದಷ್ಟು ಎಳೆಯುತ್ತದೆ. ಸಾವಿರ ಪಟ್ಟು! ಸ್ಟ್ರೋಕು, ರಾಡಿನ ಉದ್ದ, ವೇಗ ಇಟ್ಟು ಲೆಕ್ಕ ಹಾಕಿದರೆ ಯಾರಿಗಾದರೂ ಇದು ಸಿಗುತ್ತದೆ. ಈ ಎಳೆತ ಸೆಕೆಂಡಿಗೆ ಸುಮಾರು 67 ಸಲ ಬಂದು ಹೋಗುತ್ತದೆ. ಗಾಡಿ ನಡುಗುವುದು, ಬೇರಿಂಗ್ ಬೇಗ ಸವೆಯುವುದು ಇದರಿಂದಲೂ ಹೌದು.

ಪಿಸ್ಟನ್ನನ್ನು ತೂಗುವುದು ಸುಲಭ. ಪಿನ್ನು, ರಿಂಗು, ಲಾಕು ಸಮೇತ ತಕ್ಕಡಿಯಲ್ಲಿಟ್ಟರೆ ಆಯಿತು. ರಾಡು ಹಾಗಲ್ಲ. ಅದರ ದೊಡ್ಡ ತುದಿ ಕ್ರ್ಯಾಂಕಿನ ಜೊತೆ ಸುತ್ತುತ್ತದೆ, ಸಣ್ಣ ತುದಿ ಪಿಸ್ಟನ್ನಿನ ಜೊತೆ ಮೇಲೆ ಕೆಳಗೆ ಹೋಗುತ್ತದೆ. ಎರಡು ರಾಡುಗಳ ಒಟ್ಟು ತೂಕ ಒಂದೇ ಇದ್ದರೂ, ಒಂದರಲ್ಲಿ ದೊಡ್ಡ ತುದಿ ಭಾರ, ಇನ್ನೊಂದರಲ್ಲಿ ಸಣ್ಣ ತುದಿ ಭಾರ ಇರಬಹುದು. ಅದಕ್ಕೇ ಒಂದು ತುದಿಯನ್ನು ನೇತುಹಾಕಿ, ರಾಡನ್ನು ಅಡ್ಡಲಾಗಿ ಸಮಮಟ್ಟಕ್ಕೆ ತಂದು, ಇನ್ನೊಂದು ತುದಿಯನ್ನಷ್ಟೇ ತಕ್ಕಡಿಯ ಮೇಲೆ ಇಡಬೇಕು. ಆಮೇಲೆ ತಿರುಗಿಸಿ ಇಡಬೇಕು. ಎರಡನ್ನೂ ಕೂಡಿದರೆ ಒಟ್ಟು ತೂಕ ಬರಬೇಕು. ಬರದಿದ್ದರೆ ನೇತುಹಾಕಿದ್ದು ಸರಿಯಿಲ್ಲ.

ನಾಲ್ಕರಲ್ಲಿ ಯಾವುದು ಹಗುರವೋ ಅದೇ ಗುರಿ. ಉಳಿದ ಮೂರನ್ನು ಅದರ ತೂಕಕ್ಕೆ ಇಳಿಸಬೇಕು. ಲೋಹ ತೆಗೆಯುವುದು ತುದಿಗಳಲ್ಲಿರುವ ದಪ್ಪ ಗುಬ್ಬಿಯಿಂದ (ಉಬ್ಬಿದ ಭಾಗದಿಂದ) ಮಾತ್ರ. ನಡುವಿನ ಕಾಂಡವನ್ನು ಮುಟ್ಟಬಾರದು. ಉಜ್ಜಿದ ಗೀರು ರಾಡಿನ ಉದ್ದಕ್ಕೆ ಇರಬೇಕು, ಅಡ್ಡಕ್ಕೆ ಇರಬಾರದು. ಅಡ್ಡ ಗೀರಿನಿಂದ ಬಿರುಕು ಶುರುವಾಗುತ್ತದೆ. ಕೊನೆಗೆ ನುಣುಪು ಮಾಡಬೇಕು. ಪಿಸ್ಟನ್ನಿನಲ್ಲಾದರೆ ಒಳಬದಿಯಲ್ಲಿ ಪಿನ್ನಿನ ಗೂಡಿನ ಕೆಳಗೆ ದಪ್ಪಗಿರುವ ಕಡೆ ತೆಗೆಯಬಹುದು, ತಲೆಯ ಕಡೆ ತೆಗೆಯಬಾರದು.

ಈ ಕೆಲಸಕ್ಕೆ ಏನನ್ನಬೇಕು? ‘ಸಮತೂಕ ಮಾಡು’ ಎನ್ನಬಹುದು. ಆದರೆ ‘ಸಮತೋಲನ’ಕ್ಕೆ ಅದು ತುಂಬಾ ಹತ್ತಿರ. ಕ್ರ್ಯಾಂಕನ್ನು ಮೆಷಿನ್ನಿಗೆ ಹಾಕಿ ಬ್ಯಾಲೆನ್ಸ್ ಮಾಡುವುದೇ ಬೇರೆ ಕೆಲಸ, ಓದುವವರಿಗೆ ಕಲಸಿಹೋಗುತ್ತದೆ. ನನಗೆ ಹಿಡಿಸಿರುವುದು ‘ಸರಿಗಟ್ಟು’. ‘ಇವನ ಓಟಕ್ಕೆ ಸರಿಗಟ್ಟುವವರಿಲ್ಲ’ ಅನ್ನುವಾಗ ಬರುವ ಪದ. ಒಂದನ್ನು ಇನ್ನೊಂದರ ಮಟ್ಟಕ್ಕೆ ತರುವ ಅರ್ಥ ಅದರಲ್ಲಿದೆ. ‘ತೂಕ ಸರಿಗಟ್ಟು’ ಎಂದರೆ ಯಾವುದಕ್ಕೆ ಸರಿಗಟ್ಟಬೇಕು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಉತ್ತರವೂ ಇದೆ: ಹಗುರವಾದದ್ದಕ್ಕೆ. ಇದು ಬರೆಯುವ ಭಾಷೆಯ ಪದ, ಗ್ಯಾರೇಜಿನಲ್ಲಿ ಓಡುವುದಿಲ್ಲ ಎಂದು ಯಾರಾದರೂ ಹೇಳಿದರೆ ಕೇಳಲು ತಯಾರಿದ್ದೇನೆ. ‘ತೂಕ ಸರಿ ಮಾಡು’ ಅಂದರೆ ಸಾಕು ಎನ್ನುವವರೂ ಇರಬಹುದು.

ಮೂರನೆಯದು ರಾಡು ಮತ್ತು ಕ್ಯಾಪು. ಪದದ ತೊಡಕು ನಿಜವಾಗಿ ಇರುವುದು ಇಲ್ಲಿ. ರಾಡಿನ ದೊಡ್ಡ ತುದಿಯ ತೂತನ್ನು ಕಾರ್ಖಾನೆಯಲ್ಲಿ ಕೊರೆಯುವಾಗ ಕ್ಯಾಪನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಎರಡೂ ಸೇರಿ ಒಂದು ದುಂಡನೆಯ ತೂತು. ಈ ಕ್ಯಾಪನ್ನು ಬೇರೆ ರಾಡಿಗೆ ಹಾಕಿದರೆ ಬೋಲ್ಟ್ ಬರುತ್ತದೆ, ಕಣ್ಣಿಗೂ ಸರಿ ಕಾಣುತ್ತದೆ. ಆದರೆ ತೂತು ದುಂಡಗೆ ಉಳಿದಿರುವುದಿಲ್ಲ. ಬೇರಿಂಗ್ ಒಂದು ಕಡೆ ಹಿಂಡಿಕೊಳ್ಳುತ್ತದೆ, ಆಯಿಲ್ ಪದರ ಅಲ್ಲಿ ನಿಲ್ಲುವುದಿಲ್ಲ, ಬೇರಿಂಗ್ ಕಚ್ಚಿಕೊಳ್ಳುತ್ತದೆ. ಅಂಬಾಸಡರ್ ರಾಡಿನಲ್ಲಂತೂ ದೊಡ್ಡ ತುದಿಯನ್ನು ಓರೆಯಾಗಿ ಸೀಳಿದ್ದಾರೆ, ಬೋರಿನ ಮೂಲಕ ಮೇಲಕ್ಕೆ ಎಳೆದು ತೆಗೆಯಲು ಆಗಲಿ ಅಂತ. ಹೊಸದಿದ್ದಾಗ 1 ಮತ್ತು 3ರ ರಾಡನ್ನು ಅದಲುಬದಲು ಮಾಡಬಹುದು, 2 ಮತ್ತು 4ರವನ್ನೂ ಅಷ್ಟೇ. ಒಮ್ಮೆ ಓಡಿದ ಮೇಲೆ ಎಲ್ಲವೂ ತಮ್ಮ ತಮ್ಮ ಜಾಗಕ್ಕೇ ಹೋಗಬೇಕು. ಬಿಚ್ಚುವ ಮೊದಲೇ ರಾಡಿಗೂ ಕ್ಯಾಪಿಗೂ ಒಂದೇ ಬದಿಯಲ್ಲಿ ಪಂಚ್‌ನಿಂದ ಚುಕ್ಕೆ ಹೊಡೆಯುವುದು ಇದಕ್ಕೇ. ಒಂದನೆಯದಕ್ಕೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು.

ಇದನ್ನು ಬರೀ ‘ಜೋಡಿ’ ಅಂದರೆ ಸಾಲದು. ಯಾಕೆಂದರೆ ಜೋಡಿ ಕೂಡಿಸಬಹುದು. ಎತ್ತಿನ ಜಾತ್ರೆಯಲ್ಲಿ ಎತ್ತರ, ಕೊಂಬು, ನಡಿಗೆ ನೋಡಿ ಒಂದು ಎತ್ತಿಗೆ ಇನ್ನೊಂದನ್ನು ಹುಡುಕಿ ತಂದು ಜೋಡಿ ಮಾಡುತ್ತಾರೆ. ತೂಕ ನೋಡಿ ಆರಿಸಿದ ನಾಲ್ಕು ಪಿಸ್ಟನ್ ಆ ತರದ್ದು. ರಾಡು ಮತ್ತು ಕ್ಯಾಪು ಹಾಗೆ ಹುಡುಕಿ ತಂದದ್ದಲ್ಲ. ಒಂದು ಕಳೆದರೆ ಇನ್ನೊಂದಕ್ಕೆ ಬೇರೆ ಜೋಡಿ ಸಿಗುವುದಿಲ್ಲ. ಎರಡನ್ನೂ ಬದಲಾಯಿಸಬೇಕು, ಇಲ್ಲವೇ ಒಳ್ಳೆಯ ಮೆಷಿನ್ ಅಂಗಡಿಯಲ್ಲಿ ತೂತನ್ನು ಮತ್ತೆ ಕೊರೆಸಬೇಕು.

ಅದಕ್ಕೆ ನಾನು ‘ಹುಟ್ಟುಜೋಡಿ’ ಎಂದು ಬರೆದಿದ್ದೇನೆ. ಹುಟ್ಟುಗುಣ, ಹುಟ್ಟುಕುರುಡು ಇದ್ದ ಹಾಗೆ. ಈಚಿನ ಕಾರುಗಳ ಎಷ್ಟೋ ರಾಡುಗಳಿಗೆ ಈ ಪದ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ರಾಡನ್ನೂ ಕ್ಯಾಪನ್ನೂ ಒಂದೇ ತುಂಡಾಗಿ ಮಾಡಿ, ಆಮೇಲೆ ಬೇಕೆಂದೇ ಒಡೆಯುತ್ತಾರೆ. ಒಡೆದ ಮುಖದ ಏರುತಗ್ಗು ತನ್ನ ಇನ್ನೊಂದು ಅರ್ಧಕ್ಕೆ ಮಾತ್ರ ಕಚ್ಚಿಕೊಳ್ಳುತ್ತದೆ. ಬೇರೆ ಕ್ಯಾಪು ಕೂರುವುದೇ ಇಲ್ಲ. ‘ಹುಟ್ಟುಜೋಡಿ, ಅಗಲಿಸಬೇಡಿ’ ಎಂದು ಬರೆದರೆ ಅರ ತೆಗೆಯುವ ಯೋಚನೆಯೇ ಬರುವುದಿಲ್ಲ ಎಂಬುದು ನನ್ನ ನಂಬಿಕೆ. ‘ಅಂಗಭೂತ ಯುಗ್ಮ’ ಎಂಬಂಥ ಪದ ಕಟ್ಟಿದರೆ ಅರ್ಥ ಸರಿಯಿರಬಹುದು, ಆದರೆ ಕೈಗೆ ಎಣ್ಣೆ ಮೆತ್ತಿಕೊಂಡು ನಿಂತವನಿಗೆ ಅದು ತಲುಪುವುದಿಲ್ಲ.

ದಿಕ್ಕಿನ ವಿಷಯ ಇನ್ನೊಂದಿದೆ. ಪಿಸ್ಟನ್ ತಲೆಯ ಮೇಲೆ ಬಾಣವೋ ಬೇರೆ ಗುರುತೋ ಇದ್ದರೆ ಅದು ಇಂಜಿನ್ನಿನ ಮುಂದಕ್ಕೆ, ಅಂದರೆ ಟೈಮಿಂಗ್ ಚೈನಿನ ಕಡೆಗೆ ಇರಬೇಕು. ಇದಕ್ಕೆ ‘ಮುಖ’ ಎಂಬ ಪದ ಸಾಕು: ‘ಬಾಣದ ಮುಖ ಚೈನಿನ ಕಡೆ’. ಇಲ್ಲಿ ತಕರಾರಿಲ್ಲ.

ಪಿಸ್ಟನ್ನಿಗೆ ‘ಆಡುಬೆಣೆ’ ಎಂಬ ಒಳ್ಳೆಯ ಪದ ಇದೆ, ಯಾಕೆ ಬಳಸಿಲ್ಲ ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಆ ಪದ ನನಗೂ ಇಷ್ಟ. ಆದರೆ ನನ್ನ ಓದುಗ ನಾಳೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಹೋಗಿ ಕೇಳಬೇಕಾದದ್ದು ಪಿಸ್ಟನ್ ಸೆಟ್. ಸಾಮಾನಿನ ಹೆಸರು ಅಂಗಡಿಯಲ್ಲಿ ಇದ್ದ ಹಾಗೇ ಇರಲಿ. ಕೆಲಸದ ಹೆಸರು ಮಾತ್ರ ಕನ್ನಡದ್ದಾಗಲಿ, ಯಾಕೆಂದರೆ ಕೆಲಸ ಹೇಳಿಕೊಡುವುದು, ಬೈಯುವುದು, ತಿದ್ದುವುದು ಎಲ್ಲ ನಡೆಯುವುದು ಕನ್ನಡದಲ್ಲೇ.

ಈಗ ನಿಮ್ಮನ್ನು ಕೇಳಬೇಕಾದದ್ದು. ‘ಹುಟ್ಟುಜೋಡಿ’ ಕಿವಿಗೆ ಹೇಗೆ ಕೇಳುತ್ತದೆ? ಅವಳಿ ಮಕ್ಕಳ ನೆನಪಾಗಿ ಅರ್ಥ ಜಾರುತ್ತದೆಯೇ? ಬಿಡಿಸಬಾರದ ಜೊತೆಗೆ ನೇಯುವವರಲ್ಲಿ, ಬಡಗಿಗಳಲ್ಲಿ, ಕಮ್ಮಾರರಲ್ಲಿ ಆಗಲೇ ಒಂದು ಪದ ಇದ್ದರೆ ದಯವಿಟ್ಟು ತಿಳಿಸಿ. ಬಾಗಿಲಿನ ಚೌಕಟ್ಟಿಗೂ ಕದಕ್ಕೂ, ಬೀಸುವ ಕಲ್ಲಿನ ಎರಡು ಹೋಳಿಗೂ ಇಂಥ ಮಾತು ಇದ್ದೇ ಇರಬೇಕು. ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ರಾಡಿನ ಕ್ಯಾಪಿಗೆ ಏನನ್ನುತ್ತಾರೆ, ಟೋಪಿಯೋ ಮುಚ್ಚಳವೋ ಕ್ಯಾಪೋ? ತೂಕ ಸರಿಗಟ್ಟುವ ಕೆಲಸವನ್ನು ಕೈಯಾರೆ ಮಾಡುವವರು ಬಳಗದಲ್ಲಿದ್ದರೆ, ಅದನ್ನು ಮಾಡುವಾಗ ನಿಮ್ಮ ಬಾಯಿಗೆ ತಾನಾಗಿ ಬರುವ ಮಾತು ಯಾವುದು ಎಂದು ಬರೆಯಿರಿ. ನಿಮ್ಮ ಮಾತು ‘ಸರಿಗಟ್ಟು’ವಿಗಿಂತ ನೇರವಾಗಿದ್ದರೆ ಕೈಪಿಡಿಯಲ್ಲಿ ಅದನ್ನೇ ಹಾಕುತ್ತೇನೆ.