ಬಿಟಿ40 ಸ್ಪಿಂಡಲ್: 4500 ಆರ್‌ಪಿಎಂ ದಾಟಿದರೆ ಗೊರ್ ಸದ್ದು, ಮೂಗು ಬಿಸಿ. ಬೇರಿಂಗ್ ಹೋಗಿದೆಯಾ?

ಪೀಣ್ಯ_ಜಾಬ್‌ವರ್ಕ್:
ಬೆಲ್ಟ್ ಡ್ರೈವ್ ವಿಎಂಸಿ (ಕಂಪ್ಯೂಟರ್ ನಿಯಂತ್ರಣದ ಲಂಬ ಮಿಲ್ಲಿಂಗ್ ಮೆಷಿನ್), ಬಿಟಿ40 (ಟೂಲ್ ಹೋಲ್ಡರ್ ಕೂರುವ ಟೇಪರ್‌ನ ಅಳತೆ), ಗರಿಷ್ಠ 8000 ಆರ್‌ಪಿಎಂ, ಗ್ರೀಸ್ ತುಂಬಿದ ಸ್ಪಿಂಡಲ್ (ಟೂಲ್ ಹಿಡಿದು ತಿರುಗುವ ಶಾಫ್ಟ್). ಮುಂದೆ 7014 ಸಿ ಆಂಗ್ಯುಲರ್ ಕಾಂಟ್ಯಾಕ್ಟ್ (ಬಾಲ್ ಓರೆಯಾಗಿ ತಾಕುವ) ಬೇರಿಂಗ್ ನಾಲ್ಕಿವೆ. 4500 ದಾಟಿದ ಮೇಲೆ ಗೊರ್ ಅಂತ ಸದ್ದು. 6000ದಲ್ಲಿ ಅರ್ಧ ಗಂಟೆ ಓಡಿಸಿದರೆ ಮೂಗಿನ (ಸ್ಪಿಂಡಲ್‌ನ ಕೆಳತುದಿ) ಹತ್ತಿರ 58 ಡಿಗ್ರಿ, ಶೆಡ್ ಒಳಗೆ 29. ಅಲ್ಯೂಮಿನಿಯಂ ಫಿನಿಶಿಂಗ್‌ನಲ್ಲಿ ಒಂದೇ ಅಂತರದ ಗೆರೆ ಬೀಳ್ತಿದೆ. ಸ್ಪಿಂಡಲ್ ಬಿಚ್ಚೋದಾ, ಇಲ್ಲ ಲಾಕ್ ನಟ್ ಸ್ವಲ್ಪ ಬಿಗಿ ಮಾಡಿ ನೋಡೋದಾ?

ಸ್ಪಿಂಡಲ್_ರಿಪೇರಿ:
ಲಾಕ್ ನಟ್ ಮುಟ್ಟಬೇಡಿ ಸರ್. ಈ ಬೇರಿಂಗ್‌ಗಳ ಪ್ರೀಲೋಡ್ (ಸಡಿಲ ಇರದಂತೆ ಮೊದಲೇ ಕೊಟ್ಟಿರೋ ಒತ್ತು) ಇರೋದು ನಟ್‌ನಲ್ಲಲ್ಲ, ರಿಂಗ್‌ಗಳ ಮುಖವನ್ನು ಕಾರ್ಖಾನೆಯಲ್ಲಿ ಗ್ರೈಂಡ್ ಮಾಡಿರೋ ಅಳತೆಯಲ್ಲಿ. ಬ್ಯಾಕ್ ಟು ಬ್ಯಾಕ್ ಜೋಡಿಯ ಒಳ ರಿಂಗ್‌ಗಳ ನಡುವಿನ ಸಂದು ಒಮ್ಮೆ ಮುಚ್ಚಿತು ಅಂದರೆ ಪ್ರೀಲೋಡ್ ಅಲ್ಲಿಗೆ ಕೂತಿತು. ಆಮೇಲೆ ಎಷ್ಟು ತಿರುಗಿಸಿದರೂ ಸ್ಪೇಸರ್ ಒತ್ತಿಕೊಳ್ಳುತ್ತೆ, ಶಾಫ್ಟ್ ಬಾಗುತ್ತೆ, ರನ್ಔಟ್ (ತಿರುಗುವಾಗ ಆಗೋ ಓಲಾಟ) ಕೆಡುತ್ತೆ. ಸವೆದ ಟ್ರ್ಯಾಕ್ (ರಿಂಗ್ ಮೇಲೆ ಬಾಲ್ ಓಡೋ ದಾರಿ) ವಾಪಸ್ ಬರಲ್ಲ.

ಬಿಚ್ಚೋಕೂ ಅವಸರ ಬೇಡ. ಮೊದಲು ಬೆಲ್ಟ್ ತೆಗೆದು ಮೋಟಾರ್ ಒಂದನ್ನೇ 6000ಕ್ಕೆ ಸಮನಾದ ವೇಗಕ್ಕೆ ಓಡಿಸಿ. ಅಲ್ಲೂ ಸದ್ದಿದ್ದರೆ ಸ್ಪಿಂಡಲ್ ತಪ್ಪಿಲ್ಲ. ಬೆಲ್ಟ್ ಇಲ್ಲದಾಗಲೇ ಸ್ಪಿಂಡಲನ್ನು ಕೈಯಲ್ಲಿ ನಿಧಾನ ತಿರುಗಿಸಿ, ಮರಳು ತಾಕಿದ ಹಾಗೆ ಗರಗರ ಅನ್ನುತ್ತಾ ಗಮನಿಸಿ. ಬೆಲ್ಟ್ ವಾಪಸ್ ಹಾಕುವಾಗ ಟೆನ್ಷನ್ ನೋಡಿ, ಅತಿ ಬಿಗಿ ಇದ್ದರೂ ಬಿಸಿ ಏರುತ್ತೆ.

ಆಮೇಲೆ ಈ ಅಳತೆಗಳು ಬೇಕು. ಒಂದು ಮೈಕ್ರಾನ್ ಲಿವರ್ ಡಯಲ್‌ನಲ್ಲಿ ಟೇಪರ್ ಒಳಗಿನ ರನ್ಔಟ್, ಟೆಸ್ಟ್ ಆರ್ಬರ್ (ನಿಖರವಾಗಿ ಗ್ರೈಂಡ್ ಮಾಡಿದ ಪರೀಕ್ಷೆಯ ಸರಳು) ಹಾಕಿ 300 ಮಿ.ಮೀ. ಕೆಳಗಿನ ರನ್ಔಟ್. ಟೇಬಲ್ ಮೇಲೆ ಚಿಕ್ಕ ಜ್ಯಾಕ್, ಲೋಡ್ ಸೆಲ್ ಇಟ್ಟು ಸ್ಪಿಂಡಲನ್ನು 50 ಕೆ.ಜಿ.ಯಲ್ಲಿ ಮೇಲಕ್ಕೆ ಒತ್ತಿದಾಗ ಮೂಗು ಎಷ್ಟು ಸರಿಯುತ್ತೆ (ಡಯಲ್ ಬೇಸ್ ಹೆಡ್‌ಗೇ ಕೂರಬೇಕು, ಟೇಬಲ್‌ಗಲ್ಲ). ಡ್ರಾಬಾರ್ (ಹೋಲ್ಡರನ್ನು ಟೇಪರ್ ಒಳಗೆ ಎಳೆದು ಹಿಡಿಯೋ ಸರಳು) ಎಳೆತವನ್ನೂ ಫೋರ್ಸ್ ಗೇಜ್‌ನಲ್ಲಿ ನೋಡಿ. ಡಿಸ್ಕ್ ಸ್ಪ್ರಿಂಗ್ ಮುರಿದು ಎಳೆತ ಬಿದ್ದರೂ ಇಂಥದೇ ಗೆರೆ ಬರುತ್ತೆ, ಹೋಲ್ಡರ್ ಟೇಪರ್ ಮೇಲೆ ಕೆಂಪು-ಕಂದು ಪುಡಿ ಕಾಣುತ್ತೆ. ಎಷ್ಟೋ ಒಳ್ಳೆ ಬೇರಿಂಗ್‌ಗಳು ಆ ತಪ್ಪಿಗೇ ಬಿಚ್ಚಿಸಿಕೊಂಡಿವೆ.

ಪೀಣ್ಯ_ಜಾಬ್‌ವರ್ಕ್:
ಮೋಟಾರ್ ಒಂದೇ ಓಡಿದರೆ ಸದ್ದಿಲ್ಲ. ಕೈಯಲ್ಲಿ ತಿರುಗಿಸಿದರೆ ಸಣ್ಣಗೆ ಗರಗರ ಇದೆ. ಟೇಪರ್ ಒಳಗೆ 4 ಮೈಕ್ರಾನ್, 300ರಲ್ಲಿ 22. 50 ಕೆ.ಜಿ. ಒತ್ತಿದರೆ 12 ಮೈಕ್ರಾನ್ ಏರುತ್ತೆ. ಡ್ರಾಬಾರ್ 9.5 ಕಿಲೋನ್ಯೂಟನ್, ಮ್ಯಾನ್ಯುಯಲ್‌ನಲ್ಲಿರೋ ಮಿತಿಯೊಳಗೇ ಇದೆ. ಹೋಲ್ಡರ್ ಬದಲಾಯಿಸಿದರೂ ಗೆರೆ ಹೋಗಲಿಲ್ಲ. ವೈಬ್ರೇಷನ್ ಮೀಟರ್‌ನಲ್ಲಿ 6000ದಲ್ಲಿ 1130 ಹರ್ಟ್ಸ್ ಹತ್ತಿರ ಎತ್ತರದ ಗೆರೆ, ಅದರ ಅಕ್ಕಪಕ್ಕ 1030, 1230ರಲ್ಲಿ ಚಿಕ್ಕವು.

ಮೆಂಟೆನೆನ್ಸ್_ಹುಬ್ಬಳ್ಳಿ:
ಹಂಗಾರ ಬೇರಿಂಗೇ ನೋಡ್ರಿ. 6000 ಆರ್‌ಪಿಎಂ ಅಂದ್ರ ಸೆಕೆಂಡಿಗೆ 100 ಸುತ್ತು. ಈ ಸೈಜಿನ 15 ಡಿಗ್ರಿ ಕೋನದ ಬೇರಿಂಗ್‌ನಾಗ 20 ಬಾಲ್ ಅಂತ ಹಿಡಿದ್ರ ಹೊರ ಟ್ರ್ಯಾಕ್ ಕೆಟ್ಟಿದ್ದಕ್ಕ ಸುಮಾರು 870 ಹರ್ಟ್ಸ್, ಒಳ ಟ್ರ್ಯಾಕ್‌ಗೆ ಸುಮಾರು 1130. ಬಾಲ್ ಎಷ್ಟು ಅನ್ನೋದು ಕಂಪನಿಯಿಂದ ಕಂಪನಿಗೆ ಬ್ಯಾರೆ, ನಿಮ್ಮ ಬೇರಿಂಗಿಂದು ಕ್ಯಾಟಲಾಗ್‌ನಾಗ ಒಮ್ಮೆ ನೋಡ್ರಿ. ಅಕ್ಕಪಕ್ಕ ನೂರು ನೂರರ ಅಂತರದಾಗ ಗೆರಿ ಅದಾವಲ್ಲ, ಅದು ಒಳ ರಿಂಗಿನ ಗುರುತು. ಕೆಟ್ಟ ಜಾಗ ಸುತ್ತಿಗೊಮ್ಮೆ ಲೋಡಿಗೆ ಬಂದು ಹೋಗತೈತಿ. ಬರೇ ಅನ್‌ಬ್ಯಾಲೆನ್ಸ್ ಇದ್ದಿದ್ರ 100ರಾಗಷ್ಟೇ ಎದ್ದು ಕಾಣ್ತಿತ್ತು.

ಸ್ಪಿಂಡಲ್_ರಿಪೇರಿ:
ಒಪ್ಪಿದೆ. ಒತ್ತಿದಾಗ 12 ಮೈಕ್ರಾನ್ ಅಂದರೆ ಪ್ರೀಲೋಡ್ ಹೋಗಿದೆ, ನಾಲ್ಕರ ಈ ಸೆಟ್ 3–4ರಲ್ಲಿ ನಿಲ್ಲಬೇಕು. ಬಿಚ್ಚಿ. ಒಳ ರಿಂಗ್‌ನ ಫೋಟೊ ಹಾಕಿ.

ಪೀಣ್ಯ_ಜಾಬ್‌ವರ್ಕ್:
ಬಿಚ್ಚಿದೆವು. ಎಲ್ಲಕ್ಕಿಂತ ಕೆಳಗಿನ ಬೇರಿಂಗ್‌ನ ಒಳ ಟ್ರ್ಯಾಕ್ ಮೇಲೆ ಸಮ ಅಂತರದಲ್ಲಿ ಕಂದು ಚುಕ್ಕೆಗಳು, ಒಂದೆರಡು ಕಡೆ ಸಿಪ್ಪೆ ಎದ್ದಿದೆ. ಗ್ರೀಸ್ ಬೂದುಬಣ್ಣಕ್ಕೆ ತಿರುಗಿ ಹಾಲಿನಂತಾಗಿದೆ.

ಸ್ಪಿಂಡಲ್_ರಿಪೇರಿ:
ನೀರು ಹೋಗಿದೆ. ಚುಕ್ಕೆಗಳ ಅಂತರ ಬಾಲ್‌ಗಳ ಅಂತರಕ್ಕೇ ಸರಿಹೊಂದಿದೆ. ಮೆಷಿನ್ ನಿಂತಿದ್ದಾಗ ಬಾಲ್ ತಾಕಿದ ಕಡೆ ತೇವ ಕೂತು ತುಕ್ಕು ಹಿಡಿದಿದೆ. ಕ್ರ್ಯಾಶ್ ಆಗಿದ್ದರೆ ಅದೇ ಅಂತರದಲ್ಲಿ ಹೊಳೆಯುವ ಗುಳಿ ಇರ್ತಿತ್ತು, ಕಂದು ಬಣ್ಣ ಇರ್ತಿರಲಿಲ್ಲ. ಸ್ಪಿಂಡಲ್ ಏರ್ ಪರ್ಜ್ ಲೈನ್ (ಕೂಲಂಟ್ ಒಳಗೆ ಬರದಂತೆ ಮೂಗಿನಿಂದ ಹೊರಕ್ಕೆ ಗಾಳಿ ಬಿಡೋ ಪೈಪ್) ನೋಡಿ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕ್ ಡ್ರೇನ್ ಮಾಡದೆ ಬಿಟ್ಟರೆ ನೀವು ಕೊಡೋ ಗಾಳಿಯೇ ನೀರು ತಗೊಂಡು ಹೋಗುತ್ತೆ. ಏರ್ ಗನ್‌ನಲ್ಲಿ ಮೂಗಿನ ಸಂದಿಗೆ ನೇರ ಊದೋದೂ ಕೂಲಂಟ್ ಒಳಗೆ ತಳ್ಳುತ್ತೆ. ಇದನ್ನು ಸರಿಮಾಡದೆ ಹೊಸ ಸೆಟ್ ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತೆ.

ಒಂದೇ ಕೆಟ್ಟಿದ್ದರೂ ನಾಲ್ಕೂ ಬದಲಿಸಿ, ಪಿ4 ದರ್ಜೆಯ (ಹೆಚ್ಚು ನಿಖರತೆಯ) ಮ್ಯಾಚ್ಡ್ ಸೆಟ್, ಅಂದರೆ ಕಾರ್ಖಾನೆಯಲ್ಲೇ ಒಂದಕ್ಕೊಂದು ಹೊಂದಿಸಿದ್ದು. ಹೊರ ರಿಂಗ್ ಮೇಲಿನ ವಿ ಗುರುತು ಕೂಡುವಂತೆ ಜೋಡಿಸಿ. ಸ್ಪೇಸರ್ ಮುಖಗಳ ಸಮಾನಾಂತರ ಎರಡು ಮೈಕ್ರಾನ್ ಮೀರಬಾರದು, ಒಳ-ಹೊರ ಸ್ಪೇಸರ್ ಉದ್ದ ಒಂದೇ ಇರಬೇಕು. ಎರಡನ್ನೂ ಒಟ್ಟಿಗೆ ಸರ್ಫೇಸ್ ಗ್ರೈಂಡ್ ಮಾಡಿಸಿ. ಬೇರಿಂಗನ್ನು ಇಂಡಕ್ಷನ್ ಹೀಟರ್‌ನಲ್ಲಿ 80–90 ಡಿಗ್ರಿಗೆ ಕಾಯಿಸಿ ಜಾರಿಸಿ. ಸುತ್ತಿಗೆ ಬೇಡ, ಗ್ಯಾಸ್ ಟಾರ್ಚ್ ಬೇಡವೇ ಬೇಡ. ತಣ್ಣಗಾದ ಮೇಲೆ ನಟ್ ಮತ್ತೆ ಬಿಗಿ ಮಾಡಿ, ಇಲ್ಲದಿದ್ದರೆ ರಿಂಗ್ ಕುಗ್ಗಿ ಸಂದು ಉಳಿಯುತ್ತೆ. ಮುಂದಿನ ಕವರ್‌ನ ಬೋಲ್ಟ್ ಬಿಗಿಯೋ ಮುಂಚೆ ಕವರ್-ಹೌಸಿಂಗ್ ನಡುವೆ ಸುತ್ತಲೂ ಒಂದೇ ಸಮ 0.01–0.02 ಮಿ.ಮೀ. ಸಂದು ಇರಲಿ. ಇಲ್ಲದಿದ್ದರೆ ಹೊರ ರಿಂಗ್‌ಗೆ ಒತ್ತು ಬೀಳಲ್ಲ.

ಪೀಣ್ಯ_ಜಾಬ್‌ವರ್ಕ್:
ಗ್ರೀಸ್ ಎಷ್ಟು ತುಂಬಬೇಕು? ಮುಂಚೆ ಪೂರ್ತಿ ತುಂಬಿದ ಹಾಗಿತ್ತು.

ಮೆಂಟೆನೆನ್ಸ್_ಹುಬ್ಬಳ್ಳಿ:
ಪೂರ್ತಿ ತುಂಬಿದ್ರ ಕಡದು ಕಡದು ಕಾಯ್ತೈತಿ. ಈ ವೇಗಕ್ಕ ಒಳಗಿನ ಖಾಲಿ ಜಾಗದ ಸುಮಾರು 15 ಪರ್ಸೆಂಟ್ ಸಾಕ್ರಿ. ಸೂಜಿ ಇಲ್ಲದ ಸಿರಿಂಜ್‌ನಾಗ ಅಳೆದು ಬಾಲ್‌ಗಳ ನಡುವ ಸಮ ಹಾಕ್ರಿ, ಕೇಜ್ ಮ್ಯಾಲ ಒಂದ ಕಡೆ ಗುಡ್ಡಿ ಹಾಕಬ್ಯಾಡ್ರಿ. ಕ್ಲೂಬರ್ ಐಸೋಫ್ಲೆಕ್ಸ್ ಎನ್‌ಬಿಯು 15 ಬೇರಿಯಂ ಸೋಪಿಂದು, ಅದರ ಜೋಡಿ ಲೀಥಿಯಂ ಇಲ್ಲಾ ಪಾಲಿಯೂರಿಯ ಗ್ರೀಸ್ ಬೆರೆಸಬ್ಯಾಡ್ರಿ.

ಸ್ಪಿಂಡಲ್_ರಿಪೇರಿ:
ಕೊನೆಗೆ ರನ್-ಇನ್ (ಹೊಸ ಬೇರಿಂಗನ್ನು ಮೆಲ್ಲಗೆ ಓಡಿಸಿ ಪಳಗಿಸೋದು), ಇಲ್ಲೇ ಜನ ಅವಸರ ಮಾಡೋದು. 500 ಆರ್‌ಪಿಎಂನಲ್ಲಿ ಅರ್ಧ ಗಂಟೆಯಿಂದ ಶುರು ಮಾಡಿ. ಪ್ರತಿ ಸಲ 500–800 ಏರಿಸಿ, ಬಿಸಿ ಸ್ಥಿರವಾಗೋವರೆಗೂ ಕಾಯಿರಿ. ಮೊದಮೊದಲು ಬಿಸಿ ಜಿಗಿಯುತ್ತೆ, ಗ್ರೀಸ್ ಇನ್ನೂ ಟ್ರ್ಯಾಕ್‌ನಿಂದ ಪಕ್ಕಕ್ಕೆ ಸರಿದಿರಲ್ಲ. ಮೂಗಿನಲ್ಲಿ 55 ದಾಟಿದರೆ ನಿಲ್ಲಿಸಿ, 40ಕ್ಕೆ ಇಳಿದ ಮೇಲೆ ಒಂದು ಮೆಟ್ಟಿಲು ಕೆಳಗಿನಿಂದ ಮತ್ತೆ ಓಡಿಸಿ. 8000ದಲ್ಲಿ ಒಂದು ಗಂಟೆ ಬಿಸಿ ಸ್ಥಿರವಾಗಿ ನಿಂತ ಮೇಲೆ 300 ಮಿ.ಮೀ. ರನ್ಔಟ್, 50 ಕೆ.ಜಿ. ಒತ್ತಿನ ಅಳತೆ ಮತ್ತೆ ತಗೊಂಡು ಇಲ್ಲಿ ಹಾಕಿ. ಮುಂದೆ ಸದ್ದು ಬಂದಾಗ ಹೋಲಿಸಿ ನೋಡೋಕೆ ಆ ಎರಡು ಅಂಕಿ ಬೇಕಾಗುತ್ತೆ.