25 ಮೀಟರಿಗೇ ಏದುಸಿರು, ಡೀಪ್ ಸೈಡ್ ಅಂದ್ರೆ ಭಯ: ಮತ್ತೆ ಈಜು ಶುರು ಮಾಡೋದು ಹೇಗೆ?

ಚೆಂಬೂರು ಚಂದ್ರು:
ಎಲ್ಲರಿಗೂ ನಮಸ್ಕಾರ. ವಯಸ್ಸು 46, ತೂಕ 88 ಕೆಜಿ, ದಿನವಿಡೀ ಕೂತು ಮಾಡುವ ಕೆಲಸ. ಬಿಪಿ ಮಾತ್ರೆ ಇದೆ, ಈಜಲು ಡಾಕ್ಟರು ಒಪ್ಪಿದ್ದಾರೆ. ಮಂಡಿ ನೋವು, ಹಾಗಾಗಿ ಓಟ ಬಂದ್. ಚಿಕ್ಕಂದಿನಲ್ಲಿ ಊರ ಕೆರೆಯಲ್ಲಿ ಕಲಿತ ಈಜು. ಈಗ 25 ಮೀಟರ್ ಪೂಲ್‌ನಲ್ಲಿ ಒಂದು ಉದ್ದಕ್ಕೇ ಉಸಿರು ಮೇಲಕ್ಕೆ ಬರುತ್ತೆ, ಕಾಲು ಮುಳುಗುತ್ತೆ. ದಾದರ್ ಶಿವಾಜಿ ಪಾರ್ಕಿನ 50 ಮೀಟರ್ ಪೂಲ್‌ಗೆ ಸೇರುವ ಆಸೆ. ಸ್ಟ್ಯಾಮಿನಾ ಹೆಚ್ಚಿಸೋಕೆ ಏನು ಮಾಡಲಿ?

ಠಾಣೆ ರಾವ್:
ಚಂದ್ರು ಅವರೇ, ಸ್ಟ್ಯಾಮಿನಾ ವಿಷಯ ಆಮೇಲೆ. ನಿಮ್ಮ ತೊಂದರೆ ಉಸಿರು ಎಳೆಯೋದರಲ್ಲಿ ಅಲ್ಲ, ಬಿಡೋದರಲ್ಲಿ ಇರಬೇಕು. ನೀರೊಳಗೆ ಉಸಿರು ಕಟ್ಟಿಟ್ಟುಕೊಂಡರೆ ಕಾರ್ಬನ್ ಡೈಆಕ್ಸೈಡ್ ಏರುತ್ತೆ, ಅದಕ್ಕೇ ಆ ಚಡಪಡಿಕೆ. ಆಮೇಲೆ ತಲೆ ಎತ್ತಿದ ಅರೆಕ್ಷಣದಲ್ಲಿ ಬಿಡೋದು, ಎಳೆಯೋದು ಎರಡೂ ಆಗಬೇಕು. ಎರಡೂ ಅರೆಬರೆ.

ಎದೆಮಟ್ಟದ ನೀರಲ್ಲಿ ಗೋಡೆ ಹಿಡಿದು ಮುಖ ಮುಳುಗಿಸಿ. ಮೂಗಿನಿಂದ 3-4 ಸೆಕೆಂಡು ಸಣ್ಣಗೆ, ಎಡೆಬಿಡದೆ ಗುಳ್ಳೆ ಬಿಡಿ. ಕೊನೆಯಲ್ಲಿ ಬಾಯಿಂದ ಪೂರ್ತಿ ಊದಿ. ಪಕ್ಕಕ್ಕೆ ತಿರುಗಿ ಎಳೆದುಕೊಳ್ಳಿ. ತಿರುಗಿದಾಗ ಗಾಗಲ್ಸ್‌ನ ಒಂದು ಗಾಜು ನೀರೊಳಗೇ ಇರಬೇಕು. 10 ಸಲ, ಮೂರು ಸುತ್ತು. ಇದು ಸಲೀಸಾಗುವ ತನಕ ಲ್ಯಾಪ್ ಎಣಿಸಬೇಡಿ.

ಕೆರೆಯಲ್ಲಿ ಕಲಿತವರು ತಲೆ ಎತ್ತಿಕೊಂಡೇ ಈಜುತ್ತಾರೆ. ತಲೆ ಮೇಲೆ ಹೋದರೆ ಸೊಂಟ ಕೆಳಗೆ. ಅದನ್ನು ಎತ್ತಲು ಜೋರಾಗಿ ಕಾಲು ಬಡಿಯುತ್ತೀರಿ, ತೊಡೆಯ ದೊಡ್ಡ ಸ್ನಾಯುಗಳು ಇದ್ದಬದ್ದ ಆಮ್ಲಜನಕವನ್ನೆಲ್ಲ ನುಂಗುತ್ತವೆ. ಪೂಲಿನ ತಳದ ಕಪ್ಪು ಗೆರೆ ನೋಡುತ್ತಾ ಈಜಿ, ಕಾಲು ತಾನೇ ಮೇಲೆ ಬರುತ್ತೆ.

ಮೊದಲ ಎರಡು ವಾರ ದಿನ ಬಿಟ್ಟು ದಿನ, 25 ಮೀಟರ್ ಎಂಟು ಸಲ, ಅಂದ್ರೆ 200 ಮೀಟರ್ ಸಾಕು. ಪ್ರತಿ ಸಲ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವವರೆಗೆ ಗೋಡೆ ಹಿಡಿದು ನಿಲ್ಲಿ, ನಿಮಿಷವಾದರೂ ಸರಿ. ಮುಂದೆ ಈ ವಿರಾಮ ಕಮ್ಮಿ ಮಾಡಿ, ದೂರ ಹೆಚ್ಚಿಸೋದು ಅದರ ನಂತರ. ಸ್ಮಾರ್ಟ್‌ವಾಚಿನ ಹಾರ್ಟ್ ರೇಟ್ ನಂಬಬೇಡಿ: ನೀರಲ್ಲಿ ನಾಡಿ ಹೇಗೂ ನೆಲದಲ್ಲಿದ್ದಷ್ಟು ಏರಲ್ಲ. ನಿಮ್ಮ ಬಿಪಿ ಮಾತ್ರೆ ಬೀಟಾ ಬ್ಲಾಕರ್ (ಎದೆಬಡಿತ ತಗ್ಗಿಸುವ ಥರದ್ದು) ಆಗಿದ್ದರೆ ಇನ್ನೂ ಕಮ್ಮಿ ತೋರಿಸುತ್ತೆ.

ಡೊಂಬಿವಲಿ ಶಾರದಾ:
ರಾವ್ ಅವರು ಹೇಳಿದ್ದು ಸರಿ, ಆದರೆ ಮಂಡಿ ಮರೆತರು. ಸುಸ್ತಾದಾಗ ಎಲ್ಲರೂ ಬ್ರೆಸ್ಟ್‌ಸ್ಟ್ರೋಕಿಗೆ ಜಾರುತ್ತಾರೆ. ನಿಮಗೆ ಸದ್ಯಕ್ಕೆ ಅದು ಬೇಡ. ಕಪ್ಪೆ ಥರ ಕಾಲು ಒದೆಯುವಾಗ ಮಂಡಿಯ ಒಳಬದಿಯ ಲಿಗಮೆಂಟು ತಿರುಚಿದಂತಾಗುತ್ತೆ. ಸುಸ್ತಾದರೆ ಅಂಗಾತ ಮಲಗಿ ಬ್ಯಾಕ್‌ಸ್ಟ್ರೋಕ್ ಮಾಡಿ. ಕಿಕ್ ಬೋರ್ಡ್ (ಕೈಯಲ್ಲಿ ಹಿಡಿದು ಕಾಲು ಬಡಿಯುವ ತೇಲು ಹಲಗೆ) ಹಿಡಿದಾಗ ಸೈಕಲ್ ತುಳಿದಂತೆ ಮಂಡಿ ಮಡಚಬೇಡಿ, ಒದೆತ ಸೊಂಟದಿಂದ ಬರಬೇಕು, ಪಾದ ಸಡಿಲ ಇರಬೇಕು.

ಭುಜದ ಕಡೆಗೂ ಗಮನ ಇರಲಿ. ಕೈ ನೀರಿಗೆ ಇಳಿಯುವಾಗ ತಲೆಯ ಮುಂದೆ ಅಡ್ಡ ದಾಟಿದರೆ ಭುಜದ ಮುಂಭಾಗ ಚುಚ್ಚಲು ಶುರುವಾಗುತ್ತೆ. ಚುಚ್ಚಿದ ದಿನ ಅಂಗೈಗೆ ಕಟ್ಟುವ ಪ್ಲಾಸ್ಟಿಕ್ ಪ್ಯಾಡಲ್ ಹಾಕೋದು ಬೇಡವೇ ಬೇಡ.

ಚೆಂಬೂರು ಚಂದ್ರು:
ಇಬ್ಬರಿಗೂ ಥ್ಯಾಂಕ್ಸ್. ಡೀಪ್ ಸೈಡ್ ಹತ್ತಿರ ಬಂದರೆ ಎದೆ ಢವಢವ ಅನ್ನುತ್ತಲ್ಲ, ಅದಕ್ಕೇನು ಮಾಡೋದು?

ಮಾಟುಂಗಾ ಭಟ್ರು:
ಆಳ ಎಷ್ಟಿದ್ದರೂ ನೀರು ನಿಮ್ಮನ್ನು ಎತ್ತುವುದು ಅಷ್ಟೇ ಅಂತ ಹೇಳಿದರೆ ತಲೆ ಒಪ್ಪುತ್ತೆ, ಎದೆ ಒಪ್ಪಲ್ಲ. ಹಾಗಾಗಿ ದೂರ ಈಜಿ ಭಯ ಬಿಡಿಸೋಕೆ ಹೋಗಬೇಡಿ, ನಿಲ್ಲೋದು ಕಲಿಯಿರಿ. ಕಾಲು ಎಟಕುವ ಜಾಗದಲ್ಲಿ ಈಜುತ್ತಾ ಇರುವಾಗಲೇ ನಡುವೆ ನಿಲ್ಲಿಸಿ, ಅಂಗಾತ ಹೊರಳಿ, ಕಿವಿ ಮುಳುಗಿಸಿ, ಹೊಟ್ಟೆ ಮೇಲೆತ್ತಿ ಹತ್ತು ಉಸಿರು ತೇಲಿ. ಆಮೇಲೆ ಅಂಗೈಯಿಂದ ಎಂಟಿನ ಆಕಾರದಲ್ಲಿ ನೀರು ಸವರುತ್ತಾ 30 ಸೆಕೆಂಡು ನೆಟ್ಟಗೆ ನಿಂತಂತೆ ತೇಲಿ. ಇವೆರಡೂ ಬಂದ ಮೇಲೆ ಲೈಫ್‌ಗಾರ್ಡಿಗೆ ಹೇಳಿ, ಗೋಡೆ ಪಕ್ಕದ ಲೇನ್‌ನಲ್ಲಿ ಡೀಪ್ ಸೈಡಿಗೆ ಹೋಗಿ, ಅಲ್ಲೂ ಇದನ್ನೇ ಮಾಡಿ.

ಧೈರ್ಯ ಬರಲಿ ಅಂತ ಜೋರು ಜೋರಾಗಿ ಉಸಿರಾಡಿ ಮುಳುಗಿ ಕೂರುವ ಆಟ ಮಾತ್ರ ಬೇಡ. ಮುನ್ಸೂಚನೆ ಇಲ್ಲದೆ ನೀರೊಳಗೇ ಪ್ರಜ್ಞೆ ತಪ್ಪುತ್ತೆ, ಚೆನ್ನಾಗಿ ಈಜು ಬಲ್ಲವರಿಗೂ ಕೂಡ.

ಇನ್ನೊಂದು, ಬಿಪಿ ಮಾತ್ರೆಯವರಿಗೆ: ನೀರಿನ ಒತ್ತಡ ಇರುವವರೆಗೆ ರಕ್ತ ಎದೆ ಕಡೆ ತಳ್ಳಿಕೊಂಡಿರುತ್ತೆ. ಹೊರಗೆ ಬಂದ ಕೂಡಲೇ ಅದು ಕಾಲಿಗೆ ಇಳಿದು ತಲೆ ಸುತ್ತಬಹುದು. ಕಂಬಿ ಹಿಡಿದು ನಿಧಾನಕ್ಕೆ ಹತ್ತಿ, ಕಟ್ಟೆ ಮೇಲೆ ಎರಡು ನಿಮಿಷ ಕೂತು ಆಮೇಲೆ ಶವರ್ ಕಡೆ ಹೋಗಿ.