ಎಲೆಕ್ಟ್ರಾನ್ ಕಳೆದುಕೊಂಡರೆ ಪ್ಲಸ್ ಯಾಕೆ? ಧನ ಅಯಾನು, ಋಣ ಅಯಾನು ಗೊಂದಲ

ಪ್ರಶ್ನೆ
ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂಗೆ ಪ್ಲಸ್, ಪಡೆದ ಕ್ಲೋರಿನ್‌ಗೆ ಮೈನಸ್. ಕಳೆದದ್ದಕ್ಕಲ್ಲವೇ ಮೈನಸ್ ಬರಬೇಕು? ಆನೋಡ್ ಧನ ಧ್ರುವ ಅಂತಾರೆ, ಆದರೆ ಆನಯಾನ್ ಋಣ ಅಯಾನು (ಋಣ ವಿದ್ಯುದಂಶ ಇರುವ ಕಣ). ಇದು ಹೇಗೆ? ಪಿಯುಸಿ ಲವಣ ಪರೀಕ್ಷೆಯಲ್ಲಿ ಇವನ್ನು ಗುರುತಿಸುವ ಕ್ರಮವನ್ನೂ ತಿಳಿಸಿ.

ಉತ್ತರ 1
ಉತ್ತರ ಕನ್ನಡದ ಹೆಸರುಗಳಲ್ಲೇ ಇದೆ. ಋಣ ಎಂದರೆ ಸಾಲ. ಎಲೆಕ್ಟ್ರಾನನ್ನು ಸಾಲ ಅಂದುಕೊಳ್ಳಿ: ಕಳಚಿಕೊಂಡವನು ಧನದ ಕಡೆ, ಹೊತ್ತವನು ಋಣದ ಕಡೆ.

ಸೋಡಿಯಂ ನ್ಯೂಕ್ಲಿಯಸ್‌ನಲ್ಲಿ ಧನ ವಿದ್ಯುದಂಶದ 11 ಪ್ರೋಟಾನ್, ಸುತ್ತ ಪದರಗಳಲ್ಲಿ ಋಣ ವಿದ್ಯುದಂಶದ 2, 8, 1 ಎಲೆಕ್ಟ್ರಾನ್. ಹೊರಗಿನದೊಂದು ಹೋದರೆ 11ಕ್ಕೆ 10, ಒಂದು ಧನ ಮಿಗುತ್ತದೆ. ಕ್ಲೋರಿನ್‌ಗೆ 17 ಪ್ರೋಟಾನ್. ಒಂದು ಎಲೆಕ್ಟ್ರಾನ್ ಬಂದರೆ ಅದರ 17 ಎಲೆಕ್ಟ್ರಾನ್ 18 ಆಗಿ, ಒಂದು ಋಣ ಮಿಗುತ್ತದೆ. ಪ್ರೋಟಾನ್‌ಗಳ ಲೆಕ್ಕ ಬದಲಾಗುವುದೇ ಇಲ್ಲ.

ಸೋಡಿಯಂ ಎಲೆಕ್ಟ್ರಾನನ್ನು ತಾನಾಗಿ ಬಿಟ್ಟುಕೊಡುತ್ತದೆ ಎನ್ನುವುದು ಮಾತ್ರ ತಪ್ಪು. ಕೀಳಲು ಮೋಲ್‌ಗೆ 496 ಕಿಲೋಜೂಲ್ ಬೇಕು, ಕ್ಲೋರಿನ್ ಅದನ್ನು ಪಡೆದಾಗ ಹೊರಬರುವುದು 349 ಅಷ್ಟೆ. ಕೊರತೆ ತುಂಬುವುದು ಎರಡೂ ಅಯಾನುಗಳು ಹರಳು ಕಟ್ಟಿದಾಗ ಸಿಗುವ ಶಕ್ತಿ. ಎರಡನೇ ಎಲೆಕ್ಟ್ರಾನ್‌ಗೆ 4,562 ಕಿಲೋಜೂಲ್ ಬೇಕು, ಆದ್ದರಿಂದ ಸೋಡಿಯಂ +1ಕ್ಕೇ ನಿಲ್ಲುತ್ತದೆ.

ಉತ್ತರ 2
ಆನಯಾನ್ ಎಂಬ ಹೆಸರು ಅಯಾನು ಎತ್ತ ಹೋಗುತ್ತದೆ ಎಂದು ಹೇಳುತ್ತದೆ, ಅದರ ವಿದ್ಯುದಂಶವನ್ನಲ್ಲ. ವಿದ್ಯುದ್ವಿಭಜನೆಯಲ್ಲಿ (ದ್ರವದಲ್ಲಿ ವಿದ್ಯುತ್ ಹರಿಸಿ ವಸ್ತುವನ್ನು ಒಡೆಯುವಾಗ) ಋಣ ಅಯಾನು ಧನ ಧ್ರುವವಾದ ಆನೋಡಿನತ್ತ ಸಾಗುತ್ತದೆ, ಅದಕ್ಕೇ ಆನಯಾನ್. ಋಣ ಧ್ರುವವಾದ ಕ್ಯಾಥೋಡಿನತ್ತ ಹೋಗುವ ಧನ ಅಯಾನು ಕ್ಯಾಟಯಾನ್. 1834ರಲ್ಲಿ ಫ್ಯಾರಡೆ ಬಳಕೆಗೆ ತಂದ ಪದಗಳಿವು. ಆದರೆ ಬ್ಯಾಟರಿ ವಿದ್ಯುತ್ ಕೊಡುವಾಗ ಆನೋಡೇ ಋಣ ಧ್ರುವ. ಹಾಗಾಗಿ ಪ್ಲಸ್, ಮೈನಸ್ ಬಾಯಿಪಾಠ ಮಾಡದೆ "ಆನೋಡಿನಲ್ಲಿ ಉತ್ಕರ್ಷಣ" (ಎಲೆಕ್ಟ್ರಾನ್ ಕಳೆದುಕೊಳ್ಳುವುದು) ಎಂದು ನೆನಪಿಡಿ. ಅದು ಎರಡೂ ಕಡೆ ನಿಜ.

ಉತ್ತರ 3
ಕ್ಲೋರೈಡ್‌ಗೆ: ಚಿಟಿಕೆ ಲವಣವನ್ನು 2 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಸಾರರಿಕ್ತ (ನೀರು ಬೆರೆಸಿದ) ನೈಟ್ರಿಕ್ ಆಮ್ಲದಿಂದ ಆಮ್ಲೀಯ ಮಾಡಿ, 2–3 ಹನಿ ಸಿಲ್ವರ್ ನೈಟ್ರೇಟ್ ಹಾಕಿ. ಒಡೆದ ಹಾಲಿನಂಥ ಬಿಳಿ ಪ್ರಕ್ಷೇಪ (ದ್ರಾವಣದಲ್ಲಿ ಕರಗದೆ ಬೇರ್ಪಡುವ ಘನ) ಬಂದು, ಅದು ಅಮೋನಿಯಾ ದ್ರಾವಣದಲ್ಲಿ ಕರಗಿದರೆ ಕ್ಲೋರೈಡ್. ನಲ್ಲಿ ನೀರು ಬಳಸಿದರೆ ಅದರಲ್ಲಿರುವ ಕ್ಲೋರೈಡೇ ಮೋಸ ಮಾಡುತ್ತದೆ. ನೈಟ್ರಿಕ್ ಆಮ್ಲ ಹಾಕದಿದ್ದರೆ ಕಾರ್ಬೊನೇಟ್ ಕೂಡ ಪ್ರಕ್ಷೇಪ ಕೊಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರಂತೂ ನೀವೇ ಕ್ಲೋರೈಡ್ ಬೆರೆಸಿದ ಹಾಗೆ.

ಧನ ಅಯಾನಿಗೆ ಜ್ವಾಲಾ ಪರೀಕ್ಷೆ ಸುಲಭ. ಪ್ಲಾಟಿನಂ ತಂತಿಯನ್ನು ಸಾರೀಕೃತ (ನೀರು ಬೆರೆಸದ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಜ್ವಾಲೆಗೆ ಬಣ್ಣ ಬಾರದ ತನಕ ಕಾಯಿಸಿ, ಆಮೇಲೆ ಲವಣ ಮುಟ್ಟಿಸಿ. ಸೋಡಿಯಂ ಬಂಗಾರದ ಹಳದಿ, ಪೊಟ್ಯಾಸಿಯಂ ತಿಳಿ ನೇರಳೆ. ಕೊಳೆ ತಂತಿಯ ಸೋಡಿಯಂ ನೇರಳೆಯನ್ನು ಮುಚ್ಚಿಬಿಡುತ್ತದೆ; ಹಳದಿಯನ್ನು ತಡೆಯುವ ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡಿ.

ಪ್ರಶ್ನೆ ಕೇಳಿದವರು
ಧನ್ಯವಾದ. ಅಮೋನಿಯಾ ಹಾಕಿದ ಪ್ರನಾಳವನ್ನು ಮರುದಿನ ತೊಳೆಯಬಹುದೇ?

ಉತ್ತರ 3
ಬೇಡ. ಬೆಳ್ಳಿ ಮತ್ತು ಅಮೋನಿಯಾ ಬೆರೆತ ದ್ರಾವಣ ನಿಂತಷ್ಟೂ ಸ್ಫೋಟಕ ವಸ್ತು ಉಂಟಾಗುವ ಅಪಾಯವಿದೆ. ಪರೀಕ್ಷೆ ಮುಗಿದ ಕೂಡಲೇ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡಿ, ಬೆಳ್ಳಿಯ ತ್ಯಾಜ್ಯದ ಬಾಟಲಿಗೆ ಸುರಿಯಿರಿ.